ತೋಟದ ಕೆಳಗಿನ ಜಡ್ಡಿಗೆ ಬಸಿಗಾಲುವೆ ಹೊಡೆಯಬಹುದಾ?

ಪ್ರಶ್ನೆ (ಸಿದ್ದಾಪುರ ಕಡೆಯ ಅಡಿಕೆ ಬೆಳೆಗಾರರು):
ಮೇಡಂ, ನಮ್ಮ ತೋಟದ ಕೆಳಗೆ ಅರ್ಧ ಎಕರೆ ಜಡ್ಡಿ ಇದೆ. ವರ್ಷವಿಡೀ ಒದ್ದೆ, ಕಾಲಿಟ್ಟರೆ ಮೊಣಕಾಲವರೆಗೆ ಹೂತುಹೋಗುತ್ತದೆ. ಬಸಿಗಾಲುವೆ ಹೊಡೆದು ಅಡಿಕೆ ಹಾಕೋಣ ಅಂತ ತಮ್ಮ ಹಟ ಹಿಡಿದಿದ್ದಾನೆ. ಇಂಥ ಜಾಗ ಇಂಗಾಲ ಹಿಡಿದಿಡುತ್ತದೆ ಅಂತ ನಾನು ಓದಿದ್ದೆ. 'ಅಲ್ಲಿಂದ ಗ್ಯಾಸ್ ಬರುತ್ತೆ, ಒಣಗಿಸಿದರೇ ಒಳ್ಳೇದು' ಅನ್ನುತ್ತಾನೆ ಅವನು. ಯಾವುದು ಸರಿ?

ಉತ್ತರ (ಮಣ್ಣು ವಿಜ್ಞಾನಿ):
ಇಬ್ಬರ ಮಾತೂ ನಿಜ. ಆದರೆ ಕಾಲುವೆ ಹೊಡೆಯಬೇಡಿ.

ಗಿಡಮರಗಳು ಗಾಳಿಯ ಕಾರ್ಬನ್ ಡೈಆಕ್ಸೈಡ್ ಎಳೆದುಕೊಂಡು ಎಲೆ, ಬೇರು ಮಾಡಿಕೊಳ್ಳುತ್ತವೆ. ಒಣ ನೆಲಕ್ಕೆ ಬಿದ್ದ ದರಕು (ತರಗೆಲೆ) ಬೇಗ ಕೊಳೆತು, ಆ ಇಂಗಾಲದ ಬಹುಪಾಲು ಮತ್ತೆ ಗಾಳಿಗೇ ಹೋಗುತ್ತದೆ. ಜಡ್ಡಿಯಲ್ಲಿ ಹಾಗಲ್ಲ. ಆಮ್ಲಜನಕ ನೀರಿನಲ್ಲಿ ಹರಡುವುದು ಗಾಳಿಗಿಂತ ಸುಮಾರು 10,000 ಪಟ್ಟು ನಿಧಾನ. ಕೆಸರಿಗೆ ಉಸಿರು ಸಾಲದೆ ದರಕು ಅರ್ಧಂಬರ್ಧ ಕೊಳೆತು, ಕಪ್ಪಾಗಿ ಕೂತುಬಿಡುತ್ತದೆ. ನಾಳೆ ಅಲ್ಲಿಂದ ಒಂದು ಜೊಂಡು ಕಿತ್ತು ನೋಡಿ. ಕೆಸರೆಲ್ಲ ಕಪ್ಪು, ಬೇರಿನ ಮೈಗೆ ಮಾತ್ರ ತುಕ್ಕಿನ ಬಣ್ಣ. ಎಲೆಯಿಂದ ಬೇರಿಗಿಳಿದ ಆಮ್ಲಜನಕ ಸೋರಿ, ಕೆಸರಿನ ಕಬ್ಬಿಣಕ್ಕೆ ತುಕ್ಕು ಹಿಡಿಸಿದ್ದು. ಭತ್ತದ ಬೇರಲ್ಲೂ ನೋಡಿರುತ್ತೀರಿ.

ತಮ್ಮ ಹೇಳುವ ಗ್ಯಾಸ್ ಮೀಥೇನ್. ಕೋಲಿನಿಂದ ಕೆದಕಿದರೆ ಗುಳ್ಳೆ ಏಳುತ್ತದಲ್ಲ, ಅದೇ. 1776ರಲ್ಲಿ ಇಟಲಿಯ ವೋಲ್ಟಾ ಹೀಗೇ ಸರೋವರದ ಕೆಸರು ಕೆದಕಿ ಗುಳ್ಳೆ ಹಿಡಿದಿದ್ದ. 100 ವರ್ಷದ ಲೆಕ್ಕ ಹಾಕಿದರೆ, ಒಂದೇ ತೂಕದ ಕಾರ್ಬನ್ ಡೈಆಕ್ಸೈಡ್‌ಗಿಂತ ಇದು ಸುಮಾರು 27 ಪಟ್ಟು ಜಾಸ್ತಿ ಬಿಸಿ ಹಿಡಿಯುತ್ತದೆ. ಆದರೆ ಗಾಳಿಯಲ್ಲಿ ಇದರ ಆಯಸ್ಸು ಹತ್ತು ಹನ್ನೆರಡು ವರ್ಷ. ಬಸಿದರೆ ಮೀಥೇನ್ ಕಡಿಮೆಯಾಗುತ್ತದೆ, ಸುಳ್ಳಲ್ಲ. ಅದರ ಬದಲು ಗಾಳಿ ಒಳಗಿಳಿದು, ಎಷ್ಟೋ ತಲೆಮಾರಿನಿಂದ ಕೂತ ದರಕು ಕೊಳೆಯಲು ಶುರುವಾಗುತ್ತದೆ. ಆ ಕಾರ್ಬನ್ ಡೈಆಕ್ಸೈಡ್ ಶತಮಾನಗಟ್ಟಲೆ ಗಾಳಿಯಲ್ಲಿರುತ್ತದೆ. ಇಂಡೋನೇಷ್ಯಾದ ಕಲಿಮಂತಾನ್‌ನಲ್ಲಿ ಭತ್ತ ಬೆಳೆಯಲು ಜೌಗು ಕಾಡಿಗೆ ಕಾಲುವೆ ಹೊಡೆದರು. ಒಣಗಿದ ಆ ನೆಲವೇ 1997ರಲ್ಲಿ ತಿಂಗಳುಗಟ್ಟಲೆ ಉರಿಯಿತು.

ಪ್ರಶ್ನೆ (ಕುಮಟಾದಿಂದ ಇನ್ನೊಬ್ಬರು):
ಅಘನಾಶಿನಿ ನದಿ ದಡದ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನಲ್ಲೂ ಇಷ್ಟೇ ಮೀಥೇನ್ ಬರುತ್ತದಾ?

ಉತ್ತರ:
ಸಾಮಾನ್ಯವಾಗಿ ಕಡಿಮೆ. ಸಮುದ್ರದ ನೀರಲ್ಲಿ ಸಲ್ಫೇಟ್ ಎಂಬ ಗಂಧಕದ ಲವಣ ಇರುತ್ತದೆ. ಅದನ್ನು ಬಳಸುವ ಸೂಕ್ಷ್ಮಜೀವಿಗಳು ಮೀಥೇನ್ ಮಾಡುವವುಗಳ ಊಟ ಕಸಿದುಕೊಳ್ಳುತ್ತವೆ. ಅಲ್ಲಿನ ಕೆಸರಿಗೆ ಕೊಳೆತ ಮೊಟ್ಟೆಯ ವಾಸನೆ ಬರುವುದು ಅವು ಬಿಡುವ ಗಂಧಕದ ಅನಿಲದಿಂದಲೇ.

ಮೊದಲು ಪ್ರಶ್ನೆ ಕೇಳಿದವರು:
ಮೇಡಂ, ತಮ್ಮನಿಗೆ ಓದಿ ಹೇಳಿದೆ. ಇನ್ನೊಂದು ವಿಷಯ. ಅಲ್ಲಿ ಮಂಡಿ ಮಡಚಿದ ಹಾಗೆ ಬೇರುಗಳು ಕೆಸರಿಂದ ಮೇಲೆದ್ದಿವೆ.

ಉತ್ತರ:
ಹಾಗಾದರೆ ಅದು ರಾಮಪತ್ರೆ (ಕಾಡು ಜಾಯಿಕಾಯಿ) ಜಾತಿಯ ಮರಗಳ ಜಡ್ಡಿ ಇರಬೇಕು! ನಿಮ್ಮ ತಾಲ್ಲೂಕಿನ ಕತ್ತಲೆಕಾನು ಕಾಡಿನಲ್ಲಿ ಇರುವಂಥದ್ದು. ಆ ಬೇರುಗಳು ಉಸಿರಾಡಲೆಂದೇ ಮೇಲೆದ್ದಿವೆ. ಇಂಥ ಜಡ್ಡಿ ತೀರಾ ಕಮ್ಮಿ ಉಳಿದಿವೆ. ದಯವಿಟ್ಟು ಏನೂ ಮುಟ್ಟಬೇಡಿ, ಬೇರು ಮತ್ತು ಎಲೆಯ ಫೋಟೋ ಹಾಕಿ.