ಮಗ ಸಾವಿನ ಬಗ್ಗೆ ಕೇಳುತ್ತಿದ್ದಾನೆ, ಏನು ಹೇಳಲಿ?

ಪ್ರಶ್ನೆ (ರಾಣೆಬೆನ್ನೂರಿನ ತಾಯಿ):
ಒಂಬತ್ತು ವರ್ಷದ ನನ್ನ ಮಗನಿಗೆ ರಕ್ತದ ಕ್ಯಾನ್ಸರ್ ಮರುಕಳಿಸಿದೆ. ಇನ್ನು ನೋವು ತಗ್ಗಿಸುವ ಚಿಕಿತ್ಸೆಗೇ ಒತ್ತು ಕೊಡಬೇಕೆಂದು ಹುಬ್ಬಳ್ಳಿಯ ವೈದ್ಯರು ತಿಳಿಸಿದ್ದಾರೆ. ಅಂಥ ಮಾತು ಅವನ ಕಿವಿಗೆ ಬೀಳಲೇಬಾರದೆಂದು ಅತ್ತೆಯವರು ಹೇಳುತ್ತಾರೆ. ಆದರೆ ಮೊನ್ನೆ ಅವನಾಗಿಯೇ, “ಅವ್ವಾ, ಬಾಜೂ ಕಾಟಿನ ಹುಡುಗ ಮನಿಗೆ ಹೋದನೋ, ಸತ್ತನೋ?” ಎಂದು ಕೇಳಿದ. ನಾನು ಗುಳಿಗೆಯ ನೆಪ ಮಾಡಿ ಮಾತು ಮರೆಸಿದೆ. ಮತ್ತೆ ಕೇಳಿದರೆ ಏನು ಹೇಳಲಿ?

ಉತ್ತರ (ಧಾರವಾಡ, ಮಕ್ಕಳ ವಾರ್ಡಿನ ನರ್ಸ್):
ಅಕ್ಕಾ, ಆ ಪ್ರಶ್ನೆಯಲ್ಲೇ ಅವನಿಗೆ ಎಷ್ಟು ಗೊತ್ತಿದೆ ಎಂಬುದು ಕಾಣುತ್ತದೆ. ಸತ್ತವರು ಮರಳಿ ಬರುವುದಿಲ್ಲವೆಂಬುದು ಈ ವಯಸ್ಸಿನ ಬಹುತೇಕ ಮಕ್ಕಳಿಗೆ ತಿಳಿದಿರುತ್ತದೆ; ಹೆತ್ತವರು ಅತ್ತಾರೆಂದು ಎಷ್ಟೋ ಮಕ್ಕಳು ತಾವೇ ಸುಮ್ಮನಿರುತ್ತಾರೆ. ಮೊದಲು “ನಿನಗ ಏನ ಅನಸ್ತೈತಿ?” ಎಂದು ಕೇಳಿ, ಅವನು ಕೇಳಿದಷ್ಟಕ್ಕೇ ನಿಜವಾದ ಉತ್ತರ ಕೊಡಿ. ‘ಮಲಗಿಬಿಟ್ಟ’ ಎಂದು ಮಾತ್ರ ಹೇಳಬೇಡಿ, ಏಕೆಂದರೆ ಹಾಗೆ ಕೇಳಿದ ಮಕ್ಕಳು ರಾತ್ರಿ ಕಣ್ಣು ಮುಚ್ಚಲು ಹೆದರುವುದುಂಟು. ತಾನು ಹಟ ಮಾಡಿದ್ದಕ್ಕೇ ಈ ಕಾಯಿಲೆ ಬಂತೆಂದು ಅವನು ಒಳಗೊಳಗೇ ನಂಬಿರಬಹುದು. ಅದು ಅವನ ತಪ್ಪಲ್ಲವೆಂದು, ಅವನು ಕೇಳದಿದ್ದರೂ ಹೇಳಿ. ಕ್ಯಾನ್ಸರಿನಿಂದ ಮಕ್ಕಳನ್ನು ಕಳೆದುಕೊಂಡ ಸ್ವೀಡನ್ನಿನ ತಂದೆತಾಯಂದಿರ ಕುರಿತು 2004ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಮಗುವಿನೊಡನೆ ಸಾವಿನ ಬಗ್ಗೆ ಮಾತನಾಡಿದ್ದ 147 ಮಂದಿಯಲ್ಲಿ ಒಬ್ಬರೂ ಅದಕ್ಕಾಗಿ ಪಶ್ಚಾತ್ತಾಪಪಟ್ಟಿರಲಿಲ್ಲ.

ಉತ್ತರ (ಗದಗ, ನಿವೃತ್ತ ಶಿಕ್ಷಕ):
ಸಿಸ್ಟರ್ ಅವರ ಮಾತನ್ನು ಅಲ್ಲಗಳೆಯುವುದಿಲ್ಲ. ಆದರೆ ಅದೇ ಅಧ್ಯಯನದಲ್ಲಿ ಮಾತನಾಡದೆ ಉಳಿದವರ ಪೈಕಿ ಪಶ್ಚಾತ್ತಾಪಪಟ್ಟವರು ಶೇ 27ರಷ್ಟು; ಅಂದರೆ ಉಳಿದ ಬಹುಪಾಲು ಜನರಿಗೆ ಆ ಕೊರಗು ಇರಲಿಲ್ಲ. ನಮ್ಮ ಕೂಡುಕುಟುಂಬಗಳಲ್ಲಿ ತಾಯಿ ಒಂದು, ಅಜ್ಜಿ ಇನ್ನೊಂದು ಹೇಳಿದರೆ ಮಗು ಯಾರನ್ನು ನಂಬಬೇಕು?

ಉತ್ತರ (ಅದೇ ನರ್ಸ್):
ಗುರುಗಳೇ, ಲೆಕ್ಕ ಸರಿಯಿದೆ. ಆದರೆ ಮಾತನಾಡದವರಲ್ಲೂ ಒಂದು ಭೇದವಿದೆ: ತನ್ನ ಸಾವು ಹತ್ತಿರವಿರುವುದು ಮಗುವಿಗೆ ತಿಳಿದಿದೆಯೆಂದು ಅನ್ನಿಸಿದ್ದವರಲ್ಲಿ ಶೇ 47, ಹಾಗೆ ಅನ್ನಿಸದವರಲ್ಲಿ ಶೇ 13 ಜನ ಪಶ್ಚಾತ್ತಾಪಪಟ್ಟಿದ್ದರು. ಈ ಹುಡುಗ ಬಾಯಿಬಿಟ್ಟೇ ಕೇಳಿದ್ದಾನಲ್ಲ! ಅಜ್ಜಿಯ ವಿಷಯದಲ್ಲಿ ನೀವು ಹೇಳಿದ್ದು ನಿಜ. ಅಕ್ಕಾ, ಮುಂದಿನ ಸಲ ವೈದ್ಯರನ್ನು ಕಾಣುವಾಗ ಅತ್ತೆಯವರನ್ನೂ ಕರೆದೊಯ್ಯಿರಿ. ಮಗನಿಗೆ ಏನು ಹೇಳುವುದೆಂಬುದನ್ನು ಅವರೆದುರೇ ವೈದ್ಯರೊಡನೆ ಮಾತನಾಡಿ ಗೊತ್ತುಮಾಡಿಕೊಳ್ಳಿ. ಅಲ್ಲಿಯವರೆಗೆ ಅವನು ಮತ್ತೆ ಕೇಳಿದರೆ, ಆ ಹುಡುಗ ತೀರಿಕೊಂಡಿದ್ದು ನಿಮಗೆ ಖಚಿತವಾಗಿ ಗೊತ್ತಿದ್ದಲ್ಲಿ, ಹೌದೆನ್ನಿ.