ಹೊಸ ಉಪ್ಪುನೀರಿನ ಟ್ಯಾಂಕ್: 24ನೇ ದಿನಕ್ಕೆ ಮರಳೆಲ್ಲ ಕಂದು, ಉಪ್ಪಿನಂಶವೂ ಏರುತ್ತಿದೆ

ಜಯನಗರ_ಟ್ಯಾಂಕ್:
ಎಲ್ಲರಿಗೂ ನಮಸ್ಕಾರ. ಊರು ಬೆಂಗಳೂರು, ಬೋರ್‌ವೆಲ್ ನೀರು. ಟ್ಯಾಂಕ್ 36×18×18 ಇಂಚು. ಕಲ್ಲು, ಮರಳು ಕಳೆದು ಸಂಪ್ (ಟ್ಯಾಂಕಿಗೆ ಜೋಡಿಸಿದ ಫಿಲ್ಟರ್ ತೊಟ್ಟಿ) ಸೇರಿಸಿದರೆ ನೀರು ಸುಮಾರು 165 ಲೀಟರ್. ಒಣ ಕಲ್ಲು ಹಾಕಿ, ಬಾಟಲಿ ಬ್ಯಾಕ್ಟೀರಿಯಾ ಮತ್ತು ಅಮೋನಿಯಂ ಕ್ಲೋರೈಡ್‌ನಿಂದ ಸೈಕಲ್ (ಅಮೋನಿಯಾವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಬೆಳೆಸುವುದು) ಶುರು ಮಾಡಿದ್ದೇನೆ. ಮೀನು, ಹವಳ ಇನ್ನೂ ಬಿಟ್ಟಿಲ್ಲ.

ಇವತ್ತಿನ ರೀಡಿಂಗ್: ಅಮೋನಿಯಾ 0, ನೈಟ್ರೈಟ್ 1 ಪಿಪಿಎಂ, ನೈಟ್ರೇಟ್ 40, ಫಾಸ್ಫೇಟ್ 0.1, ಆಲ್ಕಲಿನಿಟಿ (ಆಮ್ಲವನ್ನು ತಡೆದುಕೊಳ್ಳುವ ಶಕ್ತಿ) 6.6 ಡಿಕೆಎಚ್, ನೀರಿನ ಬಿಸಿ 29.5 ಡಿಗ್ರಿ. ಉಪ್ಪಿನಂಶ ಹೋದ ವಾರ 35 ಪಿಪಿಟಿ (ಸಾವಿರ ಭಾಗಕ್ಕೆ ಇಷ್ಟು ಭಾಗ) ಇತ್ತು, ಈಗ 38. ದಿನಕ್ಕೆ 3 ಲೀಟರ್ ಆವಿಯಾಗುತ್ತದೆ. ಉಪ್ಪು ಕಡಿಮೆಯಾಗದಿರಲಿ ಅಂತ ಐದು ದಿನದಿಂದ ಕಲಸಿಟ್ಟ ಉಪ್ಪುನೀರನ್ನೇ ತುಂಬುತ್ತಿದ್ದೇನೆ. ಟಾಪ್ ಅಪ್‌ಗೂ ಉಪ್ಪು ಕಲಸುವುದಕ್ಕೂ ಅಡುಗೆಮನೆಯ ಆರ್‌ಒ ನೀರೇ. ಲೈಟ್ 10 ಗಂಟೆ ಉರಿಯುತ್ತದೆ.

ಮರಳು, ಕಲ್ಲು, ಗಾಜು ಎಲ್ಲದರ ಮೇಲೂ ಕಂದು ಪದರ ಕೂತಿದೆ. ಪಾಚಿ ಕೊಲ್ಲುವ ಔಷಧಿ ಹಾಕಿ ಅಂತ ಅಂಗಡಿಯಲ್ಲಿ ಹೇಳಿದರು. ಹಾಕಬಹುದಾ?

ಹವಳಪ್ರಿಯ:
ಔಷಧಿ ಖಂಡಿತ ಬೇಡ. ಮೊದಲು ಉಪ್ಪಿನ ವಿಷಯ ಸರಿಮಾಡಿ. ಆವಿಯಾಗುವುದು ಬರೀ ನೀರು, ಉಪ್ಪು ಟ್ಯಾಂಕಿನಲ್ಲೇ ಉಳಿಯುತ್ತದೆ. ದಿನಕ್ಕೆ 3 ಲೀಟರಿನಂತೆ ಐದು ದಿನಕ್ಕೆ 15 ಲೀಟರ್ ಉಪ್ಪುನೀರು ಅಂದರೆ ಹೆಚ್ಚುವರಿ 525 ಗ್ರಾಂ ಉಪ್ಪು. 165 ಲೀಟರಿಗೆ ಅದು 3.2 ಪಿಪಿಟಿ. ನಿಮ್ಮ 38ರ ಲೆಕ್ಕ ಅಲ್ಲೇ ಸಿಕ್ಕಿತು. ಸುಮಾರು 14 ಲೀಟರ್ ತೆಗೆದು ಅಷ್ಟೇ ಸಿಹಿನೀರು ಹಾಕಿದರೆ 35ಕ್ಕೆ ಬರುತ್ತದೆ. ಮೀನು ಇಲ್ಲದಿರುವುದರಿಂದ ಒಂದೇ ದಿನ ಮಾಡಬಹುದು. ಇದ್ದಿದ್ದರೆ ಮೂರು ದಿನಕ್ಕೆ ಹಂಚಬೇಕಿತ್ತು.

ಅದಕ್ಕೂ ಮುಂಚೆ ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್ ನಂಬುವ ಹಾಗಿದೆಯಾ ನೋಡಿ. ಆರ್‌ಒ ನೀರಿಟ್ಟು ಸೊನ್ನೆಗೆ ತಿರುಗಿಸಿದರೆ ಸಾಲದು, 35ರ ಹತ್ತಿರ ತಪ್ಪು ತೋರಿಸಬಹುದು. 36.5 ಗ್ರಾಂ ಪುಡಿ ಉಪ್ಪನ್ನು 963.5 ಗ್ರಾಂ ಶುದ್ಧ ನೀರಿನಲ್ಲಿ ಕರಗಿಸಿ, ಅದರ ಒಂದು ಹನಿ ಇಟ್ಟು 35ಕ್ಕೆ ಹೊಂದಿಸಿ. ಈ ದ್ರಾವಣ ರಿಫ್ರಾಕ್ಟೋಮೀಟರಿಗೆ ಮಾತ್ರ. ಕಂಡಕ್ಟಿವಿಟಿ ಮೀಟರಿಗೆ ಇದು ಸರಿಹೋಗುವುದಿಲ್ಲ.

ನೈಟ್ರೇಟ್ 40 ನೋಡಿ ಗಾಬರಿಯಾಗಬೇಡಿ. ಬಹಳಷ್ಟು ಕಿಟ್‌ಗಳು ನೈಟ್ರೇಟನ್ನು ನೈಟ್ರೈಟಾಗಿ ಮಾರ್ಪಡಿಸಿ ಬಣ್ಣ ತೋರಿಸುತ್ತವೆ. ನೀರಿನಲ್ಲಿ ಮೊದಲೇ ನೈಟ್ರೈಟ್ ಇದ್ದರೆ ರೀಡಿಂಗ್ ವಿಪರೀತ ಏರುತ್ತದೆ. ನೈಟ್ರೈಟ್ ಸೊನ್ನೆಯಾದ ಮೇಲಿನ ನೈಟ್ರೇಟನ್ನಷ್ಟೇ ಲೆಕ್ಕಕ್ಕೆ ತಗೊಳ್ಳಿ.

ಆರ್‌ಒ ನೀರಿನ ಟಿಡಿಎಸ್ (ಕರಗಿದ ಲವಣಾಂಶ) ಎಷ್ಟು?

ಜಯನಗರ_ಟ್ಯಾಂಕ್:
ಬೋರ್ ನೀರು 520, ಆರ್‌ಒ ನಲ್ಲಿಯಲ್ಲಿ 70. ಫಿಲ್ಟರ್ ಬದಲಿಸಿ ಎರಡೇ ತಿಂಗಳು. ಕಂದು ಪದರ ಬೆರಳಲ್ಲಿ ಸವರಿದರೆ ಹಿಟ್ಟಿನಂತೆ ಉದುರುತ್ತದೆ. ಗುಳ್ಳೆ ಇಲ್ಲ. ಬೆಳಿಗ್ಗೆ ಲೈಟ್ ಹಾಕುವ ಮುಂಚೆಯೂ ಹಾಗೇ ಇರುತ್ತದೆ.

ಹವಳಪ್ರಿಯ:
ಹಾಗಾದರೆ ಇದು ಡಯಾಟಮ್ (ಸಿಲಿಕಾ ಚಿಪ್ಪಿನ ಸೂಕ್ಷ್ಮ ಪಾಚಿ) ಇರಬೇಕು, ಅದಕ್ಕೆ ಬೇಕಾದ ಸಿಲಿಕೇಟ್ ನಿಮ್ಮ ನಲ್ಲಿಯಿಂದಲೇ ಬರುತ್ತಿದೆ. ಡೈನೋಫ್ಲಾಜೆಲೇಟ್ (ಡೈನೋ ಎಂಬ ಇನ್ನೊಂದು ಸೂಕ್ಷ್ಮಜೀವಿ) ಆಗಿದ್ದರೆ ಲೋಳೆ ಎಳೆಗಳಿರುತ್ತಿದ್ದವು, ತುದಿಯಲ್ಲಿ ಗುಳ್ಳೆ ಸಿಕ್ಕಿಕೊಂಡಿರುತ್ತಿತ್ತು, ರಾತ್ರಿ ಮರಳು ಹೆಚ್ಚುಕಡಿಮೆ ಸ್ವಚ್ಛವಾಗುತ್ತಿತ್ತು. ಅನುಮಾನ ಬಿಡದಿದ್ದರೆ ಕಂದು ಪದರವನ್ನು ಟ್ಯಾಂಕ್ ನೀರಿನ ಜೊತೆ ಬಾಟಲಿಗೆ ಎಳೆದು ಜೋರಾಗಿ ಕುಲುಕಿ, ಕಾಫಿ ಫಿಲ್ಟರಿನಲ್ಲಿ ಸೋಸಿ, ಆ ನೀರನ್ನು ಒಂದು ಗಂಟೆ ಬೆಳಕಿನಲ್ಲಿಡಿ. ಮತ್ತೆ ಲೋಳೆಯಾಗಿ ಕೂಡಿಕೊಂಡರೆ ಡೈನೋ.

ಇನ್ನು ಆ 70. ಕುಡಿಯುವ ನೀರಿನ ಆರ್‌ಒ ಯಂತ್ರಗಳಲ್ಲಿ ರುಚಿಗಾಗಿ ಟಿಡಿಎಸ್ ಕಂಟ್ರೋಲರ್ ಇರುತ್ತದೆ. ಸಣ್ಣ ತಿರುಪಿನ ವಾಲ್ವ್ ಅದು, ಮೆಂಬ್ರೇನ್ ದಾಟದ ನೀರನ್ನು ಶುದ್ಧ ನೀರಿಗೆ ಬೆರೆಸುತ್ತದೆ. ಕೆಲವದರಲ್ಲಿ ಮಿನರಲ್ ಕಾರ್ಟ್ರಿಡ್ಜೂ ಇರುತ್ತದೆ. ಎರಡನ್ನೂ ಬಿಟ್ಟು, ಮೆಂಬ್ರೇನಿನಿಂದ ಹೊರಬರುವ ಪೈಪಿಗೇ ಟೀ (T ಆಕಾರದ ಜಾಯಿಂಟ್) ಹಾಕಿ ನೀರು ತೆಗೆಯಿರಿ. ಅಲ್ಲಿ 25ರ ಆಸುಪಾಸು ಬಂದರೆ ಮೆಂಬ್ರೇನ್ ಚೆನ್ನಾಗಿದೆ, 50 ದಾಟಿದರೆ ಬದಲಿಸಿ. ಅದರ ಮುಂದೆ 10 ಇಂಚಿನ ಮಿಕ್ಸೆಡ್ ಬೆಡ್ ಡಿಐ ರೆಸಿನ್ (ಉಳಿದ ಲವಣ ಹಿಡಿಯುವ ಹರಳುಗಳ ಫಿಲ್ಟರ್) ಜೋಡಿಸಿ, ಸೊನ್ನೆ ಬರಬೇಕು. ಯಂತ್ರ ಶುರುವಾದಾಗ ಬರುವ ಮೊದಲ ಎರಡು ಲೀಟರನ್ನು ರೆಸಿನ್ನಿಗೆ ಬಿಡದೆ ಚೆಲ್ಲಿ, ನಿಂತಿದ್ದ ಮೆಂಬ್ರೇನಿನಿಂದ ಹೆಚ್ಚು ಟಿಡಿಎಸ್ ಬರುತ್ತದೆ. ಸಿಲಿಕೇಟ್ ಟಿಡಿಎಸ್ ಮೀಟರಿನಲ್ಲಿ ಸರಿಯಾಗಿ ಕಾಣುವುದಿಲ್ಲ, ರೆಸಿನ್ ಸುಸ್ತಾದಾಗ ಮೊದಲು ಜಾರುವುದೂ ಅದೇ. ಮೀಟರ್ 1 ತೋರಿಸಿದ ಕೂಡಲೇ ರೆಸಿನ್ ಬದಲಿಸುವುದು ಒಳ್ಳೆಯದು.

ಆ 14 ಲೀಟರನ್ನು ಈ ನೀರಿನಲ್ಲೇ ಮಾಡಿ. ಆಗ ಆಲ್ಕಲಿನಿಟಿ 6ಕ್ಕೆ ಇಳಿಯುತ್ತದೆ. 165 ಲೀಟರಿನಲ್ಲಿ 1 ಡಿಕೆಎಚ್ ಏರಿಸಲು 5 ಗ್ರಾಂ ಅಡುಗೆ ಸೋಡಾ ಬೇಕು (ಬೇಕಿಂಗ್ ಪೌಡರ್ ಅಲ್ಲ). ಒಂದು ಲೋಟ ಡಿಐ ನೀರಿನಲ್ಲಿ ಕರಗಿಸಿ, ನೀರು ಜೋರಾಗಿ ಹರಿಯುವ ಕಡೆ ನಿಧಾನವಾಗಿ ಸುರಿಯಿರಿ. ಇವತ್ತು 5, ನಾಳೆ 5, 8ಕ್ಕೆ ಬರುತ್ತದೆ. ಅಮೋನಿಯಾ ನೈಟ್ರೇಟ್ ಆಗುವಾಗ ಆಲ್ಕಲಿನಿಟಿ ಖರ್ಚಾಗುತ್ತದೆ, ಅದಕ್ಕೇ ಸೈಕಲ್ ಹೊತ್ತಿನಲ್ಲಿ ಇಳಿಯುವುದು.

ಹವಳ ಬಿಡುವವರೆಗೆ ಲೈಟ್ ಪೂರ್ತಿ ಆರಿಸಿ. ಫಾಸ್ಫೇಟ್ ಇಳಿಸುವ ಜಿಎಫ್ಒ ಈಗಲೇ ಹಾಕಬೇಡಿ. ಫಾಸ್ಫೇಟ್, ನೈಟ್ರೇಟ್ ಎರಡೂ ಸೊನ್ನೆಯಾದ ಹೊಸ ಟ್ಯಾಂಕಿನಲ್ಲೇ ಡೈನೋ ಹೆಚ್ಚಾಗಿ ಹಿಡಿಯುವುದು, ಅದು ಡಯಾಟಮ್‌ಗಿಂತ ಎಷ್ಟೋ ಪಾಲು ಕಷ್ಟ.

ಕುಡ್ಲ_ರೀಫ್:
29.5 ಜಾಸ್ತಿಯಾಯಿತು, ಹವಳಕ್ಕೆ 25ರಿಂದ 27 ಸಾಕು. ನಿಮಗೆ ಬೆಂಗಳೂರಲ್ಲಿ ಫ್ಯಾನೇ ಸಾಕು ಮಾರಾಯ್ರೇ. ಎರಡು 12 ಸೆಂಟಿಮೀಟರ್ ಕಂಪ್ಯೂಟರ್ ಫ್ಯಾನನ್ನು ಸಂಪ್ ನೀರಿನ ಮೇಲೆ ಓರೆಯಾಗಿ ಕೂರಿಸಿ, ಬಿಸಿ ನೋಡಿ ಫ್ಯಾನ್ ನಡೆಸುವ ಕಂಟ್ರೋಲರ್ ಹಾಕಿದರೆ 2–3 ಡಿಗ್ರಿ ಇಳಿಯುತ್ತದೆ. ಮಂಗಳೂರಿನ ಸೆಕೆಗೆ ಅದು ನಡೆಯುವುದಿಲ್ಲ. ಗಾಳಿಯಲ್ಲೇ ಅಷ್ಟು ತೇವ ಇರುವಾಗ ನೀರು ಆವಿಯಾಗುವುದೇ ಕಡಿಮೆ, ಇಲ್ಲಿ ಚಿಲ್ಲರೇ ಬೇಕು.

ಫ್ಯಾನ್ ಹಾಕಿದರೆ ಆವಿ ಇನ್ನೂ ಹೆಚ್ಚುತ್ತದೆ. ಕೈಯಲ್ಲಿ ತುಂಬುವುದು ಬಿಟ್ಟು ಎರಡು ಫ್ಲೋಟ್ ಸ್ವಿಚ್ ಇರುವ ಆಟೋ ಟಾಪ್ ಅಪ್ ಇಡಿ. ಅದಕ್ಕೆ ಸಿಹಿನೀರು ತುಂಬಿಡುವ ಡಬ್ಬ 10 ಲೀಟರಿಗಿಂತ ದೊಡ್ಡದು ಬೇಡ. ಸ್ವಿಚ್ ಸಿಕ್ಕಿಕೊಂಡು ಪೂರ್ತಿ ಸುರಿದರೂ ಉಪ್ಪಿನಂಶ 35ರಿಂದ 33ಕ್ಕಷ್ಟೇ ಇಳಿಯುತ್ತದೆ. ಆದರೆ ಸಂಪಿನಲ್ಲಿ ಅಷ್ಟು ಜಾಗ ಖಾಲಿ ಇರಲೇಬೇಕು.

ಇನ್ನೊಂದು ವಿಷಯ. ನೇತ್ರಾಣಿ ಕಡೆಯ ಹವಳದ ಕಲ್ಲು ತಂದುಕೊಡುತ್ತೇವೆ ಅಂತ ಯಾರಾದರೂ ಬಂದರೆ ತಗೊಳ್ಳಬೇಡಿ. ಗಟ್ಟಿ ಹವಳ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಶೆಡ್ಯೂಲಿನಲ್ಲಿದೆ, ಸತ್ತ ತುಂಡಿಗೂ ಅದು ಅನ್ವಯ. ಒಣ ಕಲ್ಲಿನಿಂದ ಶುರು ಮಾಡಿದ್ದು ಸರಿಯಾದ ಕೆಲಸ.

ಜಯನಗರ_ಟ್ಯಾಂಕ್:
ಮೆಂಬ್ರೇನ್ ಪೈಪಿನಲ್ಲಿ ಈಗ ನೋಡಿದೆ, 24 ಬಂತು. ರೆಸಿನ್ ತರುತ್ತೇನೆ. ಮೀನು ಯಾವಾಗ ಬಿಡಬಹುದು?

ಹವಳಪ್ರಿಯ:
ಅಮೋನಿಯಾ 2 ಪಿಪಿಎಂ ಆಗುವಷ್ಟು ಹಾಕಿ, 24 ಗಂಟೆ ಬಿಟ್ಟು ಅಳೆಯಿರಿ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಾಗಿದ್ದರೆ ನೀರು ಕಾಲುಭಾಗ ಬದಲಿಸಿ, ಒಂದು ಜೊತೆ ಕ್ಲೌನ್ ಮೀನು ಬಿಡಿ. ಬಿಡುವ ದಿನ ಬಿಸಿ 27ರೊಳಗೆ ಇರಲಿ.