ಕಾರುಗಳನ್ನೇ ಸ್ಪೀಕರ್ ಮಾಡಿಕೊಂಡ ಬ್ಯಾಂಡ್: ಹೇಗೆ ಮಾಡುತ್ತಿದ್ದರು?

ಪ್ರಶ್ನೆ: ಅಮೆರಿಕದ ರಾಕ್ ಬ್ಯಾಂಡ್ ಫ್ಲೇಮಿಂಗ್ ಲಿಪ್ಸ್‌ನವರು 1996ರಲ್ಲಿ ತಮ್ಮೂರು ಓಕ್ಲಹೋಮ ಸಿಟಿಯ ಪಾರ್ಕಿಂಗ್ ಜಾಗಗಳಲ್ಲಿ ಶೋ ಮಾಡುತ್ತಿದ್ದರಂತೆ. ವೇದಿಕೆ ಇಲ್ಲ, ಬರೀ ಜನರ ಕಾರುಗಳು. ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಉತ್ತರ: ಹಾಡುಗಾರ ವೇನ್ ಕಾಯ್ನ್ ಒಂದೊಂದು ಕಾರಿಗೆ ಒಂದೊಂದು ಕ್ಯಾಸೆಟ್ ಕೊಡುತ್ತಿದ್ದರು, ಒಂದರಲ್ಲಿದ್ದ ಸದ್ದು ಇನ್ನೊಂದರಲ್ಲಿ ಇರುತ್ತಿರಲಿಲ್ಲ. ಅವರು ಹೇಳಿದ ತಕ್ಷಣ ಎಲ್ಲರೂ ಒಟ್ಟಿಗೆ ಪ್ಲೇ ಒತ್ತಬೇಕು. ಹತ್ತಾರು ಕಾರುಗಳಿಂದ ಬರುವ ಚೂರುಪಾರು ಸದ್ದೆಲ್ಲ ಸೇರಿ ಗಾಳಿಯಲ್ಲೇ ಒಂದು ಸಂಗೀತ ಆಗುತ್ತಿತ್ತು, ನೀವು ಎಲ್ಲಿ ನಿಂತಿದ್ದೀರಿ ಅನ್ನೋದರ ಮೇಲೆ ಕೇಳಿಸೋದೂ ಬೇರೆ. ನನಗೆ ತುಂಬಾ ಇಷ್ಟವಾಗೋದು ಇದೇ: ಬಂದವರು ಸುಮ್ನೆ ಕೇಳಿ ಹೋಗುವ ಹಾಗಿಲ್ಲ, ಅವರೇ ವಾದ್ಯಗಾರರು.

ಪ್ರಶ್ನೆ ಕೇಳಿದವರು: ಎಲ್ಲ ಕ್ಯಾಸೆಟ್ಟೂ ಒಂದೇ ತಾಳದಲ್ಲಿ ಓಡುತ್ತಾ?

ಇನ್ನೊಬ್ಬರು: ಇಲ್ಲ. ಒಂದು ಪ್ಲೇಯರ್ ವೇಗ ಇನ್ನೊಂದಕ್ಕಿರಲ್ಲ, ಹಿಂದೆ ಮುಂದೆ ಆಗೇ ಆಗುತ್ತೆ. ಅದೇ ಚಂದ! ಇದೇ ಯೋಚನೆಯಿಂದ 1997ರಲ್ಲಿ ಝೈರೀಕಾ ಆಲ್ಬಂ ಬಂತು. 4 ಸಿಡಿ, ನಾಲ್ಕನ್ನೂ ಬೇರೆ ಬೇರೆ ಪ್ಲೇಯರಿನಲ್ಲಿ ಒಟ್ಟಿಗೆ ಹಾಕಬೇಕು. ಗೆಳೆಯರನ್ನು ಮನೆಗೆ ಕರೆದೇ ಕೇಳಬೇಕು.

ಪ್ರಶ್ನೆ ಕೇಳಿದವರು: ಈಗ ಫೋನಿನಲ್ಲೇ ಮಾಡಬಹುದಲ್ವಾ?

ಮೊದಲು ಉತ್ತರಿಸಿದವರು: ಮಾಡಬಹುದು, ಆದರೆ ಫೋನ್ ಸ್ಪೀಕರಿನಲ್ಲಿ ಬಾಸ್ (ತಗ್ಗು ಸ್ವರದ ದಪ್ಪ ಸದ್ದು) ಸರಿಯಾಗಿ ಬರಲ್ಲ. ಬ್ಲೂಟೂತ್ ಸ್ಪೀಕರ್ ಇರುವವರನ್ನು ಸೇರಿಸಿ.